ಮಲೇಷ್ಯಾದ ರಾಹುಕಾಲ

ಪಾಲಕೋಡ್

ಮಲೇಷ್ಯಾ ಹೇಗಿತ್ತು ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಬಿಸಿಲು ನಮ್ಮೂರಿನದೇ, ಮಳೆ ಬೇರೆ, ರಸ್ತೆಗಳನ್ನು ಯಾರೋ ದಿನಾ ತೊಳೆದಂತೆ ಇರುತ್ತವೆ. ಅಷ್ಟಕ್ಕೇ ಸುಮ್ಮನಾಗುತ್ತಾರೆ. ನಾನು ಹೋದದ್ದು ನನ್ನ ಮೊಮ್ಮಗಳು ಮಂಜುಳಾ ಟೆನಿಸ್ ಆಡುವುದನ್ನು ನೋಡಲು, ಅದಕ್ಕಿಂತ ಹೆಚ್ಚಾಗಿ ನನ್ನ ಮಗ ಕೊಟ್ಟ ಮಾತನ್ನು ಕಾಯಲು. ಮೂರನೇ ಕ್ಲಾಸಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮಂಜುಳಾ ನನ್ನ ಮಗಳು ರತ್ನಳ ಮಗಳು. ಅವಳ ಅಪ್ಪ ಸಕ್ಕರೆ ಮಿಲ್ಲಿನ ಆಫೀಸರುಗಳ ಕ್ಲಬ್ಬಿಗೆ ಕಾವಲಿದ್ದ. ಅಲ್ಲೊಂದು ಮಣ್ಣಿನ ಕೋರ್ಟು. ಆಫೀಸರುಗಳ ಚೆಂಡು ಹೆಕ್ಕಿಕೊಡುತ್ತಾ ಹೆಕ್ಕಿಕೊಡುತ್ತಾ ಇವಳು ಹೊಡೆಯುವುದನ್ನೂ ಕಲಿತಳು. ಅವರನ್ನೇ ಸೋಲಿಸುವಷ್ಟು ಕಲಿತ ಮೇಲೆ ಅವರು ಇವಳ ಜೊತೆ ಆಡುವುದನ್ನು ಬಿಟ್ಟರು. ಅಪ್ಪ ತೀರಿಕೊಂಡ ಮೇಲೆ ರ‍್ಯಾಕೆಟ್ಟು, ಶೂ, ಸೇಲಂ ಮದ್ರಾಸಿನ ಓಡಾಟ ಎಲ್ಲವನ್ನೂ ನೋಡಿಕೊಂಡವನು ನನ್ನ ಕಿರಿಮಗ ಮಾದೇಶ. ತಮಿಳು ಸೀಮೆಯಲ್ಲಿ, ಧರ್ಮಪುರಿ ಹತ್ತಿರದ ನಮ್ಮ ಪಾಲಕೋಡಿನಲ್ಲಿ ಟೊಮೇಟೊ ಮಂಡಿ ಇಟ್ಟಿದ್ದಾನೆ.

ಮಾದೇಶ ಅವಳಿಗೆ ಸೋದರಮಾವ. ನಮ್ಮಲ್ಲಿ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ಅವನು ಬೇಡ ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಹೊರಗಿನವರು ಹೆಣ್ಣು ಕೇಳಲು ಬರಬೇಕು. ನಾನೂ ನನ್ನ ಸೋದರಮಾವನನ್ನೇ ಕಟ್ಟಿಕೊಂಡವಳು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಅವಳಿಗೆ ಹತ್ತೊಂಬತ್ತು ತುಂಬಿದಾಗ ಮಾದೇಶ ಮಂಡಿಯಲ್ಲಿ ಆಳುಗಳ ಎದುರಿಗೇ ಮಾತೆತ್ತಿದ. ನಾನು ಕೊಳೆತ ಹಣ್ಣು ಆರಿಸುತ್ತಾ ಕುಳಿತಿದ್ದೆ. ಮಂಜುಳಾ ಅವನಿಗೆ ಊಟದ ಕ್ಯಾರಿಯರ್ ತಂದಿದ್ದಳು.

"ಆಡಿದ್ದು ಸಾಕು ಮಂಜು. ಸಂಕ್ರಾಂತಿ ಕಳೀಲಿ, ತೈ ಮಾಸ್ದಲ್ಲಿ ಮದ್ವೆ ಇಟ್ಕಳಾಣ."

"ಮಾವ, ಮಲೇಷ್ಯಾದಲ್ಲಿ ಎಣ್ಮಕ್ಳ ಟೂರ್ನಮೆಂಟ್ ಐತೆ. ಸಿಂಗಲ್ಸ್. ಅದೊಂದು ಆಡ್ತೀನಿ."

"ಆಡಿ?"

"ಗೆದ್ರೆ ನನ್ನ ಬಿಟ್ಬುಡು."

ಆಳುಗಳು ನಕ್ಕರು. ನಗುವವರ ಮುಂದೆ ಮಾದೇಶನಿಗೆ ಹಿಂಜರಿಯುವುದು ಗೊತ್ತಿಲ್ಲ. "ಸರಿ. ಒಂದು ಮ್ಯಾಚ್ ಗೆಲ್ಲು ಸಾಕು, ಒಂದೇ ಒಂದು. ಗೆದ್ರೆ ನೆಂಟ್ರ ಮುಂದೆ ನಾನೇ ಬಾಯಿಬಿಟ್ಟು ಏಳ್ತೀನಿ, ನಂಗೆ ಬೇಡ ಅಂತ. ಸೋತ್ರೆ ರ‍್ಯಾಕೆಟ್ಟು ಅಟ್ಟಕ್ಕೆ, ನೀನು ಅಸೆಮಣೆಗೆ. ಸರಿಯಾ?"

"ಅಜ್ಜಿ, ಕೇಳುಸ್ಕಂಡೆ ತಾನೆ?" ಎಂದಳು ಮಂಜುಳಾ.

"ಕಿವಿ ಇನ್ನೂ ಐತೆ ಕಣೇ," ಎಂದೆ.

ಹೊರದೇಶದ ಹುಡುಗಿಯರ ಮುಂದೆ ಇವಳು ನಿಲ್ಲುವುದಿಲ್ಲ ಎಂಬುದು ಅವನ ಲೆಕ್ಕ. ಅವನಿಗೆ ಅವಳ ಮೇಲೆ ಆಸೆಯೂ ಇತ್ತು, ಇಲ್ಲವೆಂದು ಸುಳ್ಳು ಹೇಳಲಾರೆ. ಮದುವೆಯಾಗದ ಹುಡುಗಿ, ಆಗಬೇಕಾದ ಮಾವ, ಇಬ್ಬರೇ ಹೋದರೆ ಊರು ಸುಮ್ಮನಿರುತ್ತದೆಯೇ? ರತ್ನ ಹಸುಗಳನ್ನು ಬಿಟ್ಟು ಬರುವಂತಿರಲಿಲ್ಲ. ನಾನು ಹೊರಟೆ.

ಮದ್ರಾಸು, ಆಕಾಶ

ಮದ್ರಾಸಿಗೆ ಚೆನ್ನೈ ಎಂದು ಹೆಸರಿಟ್ಟ ಹೊಸತು. ಬಸ್ಸಿನವರು ಒಂದು ಹೇಳುತ್ತಿದ್ದರು, ರೈಲಿನ ಬೋರ್ಡು ಇನ್ನೊಂದು ಹೇಳುತ್ತಿತ್ತು. ಸೇಲಂನಲ್ಲಿ ರೈಲು ಹತ್ತಿ ಬೆಳಿಗ್ಗೆ ಇಳಿದಾಗ ನನ್ನ ಸೀರೆಯೆಲ್ಲ ಎದುರು ಸೀಟಿನ ಮಗುವಿನ ಹಾಲು.

ವಿಮಾನ ನಿಲ್ದಾಣದಲ್ಲಿ ಪೊಲೀಸಿನವಳು ನನ್ನ ಸೊಂಟದ ಚೀಲದಿಂದ ಅಡಿಕೆ ಕತ್ತರಿ ತೆಗೆದುಕೊಂಡಳು. "ಇದರಿಂದ ಯಾರ ಕತ್ತು ಕುಯ್ಯಲಿ, ಅಡಿಕೆಯೇ ಸರಿಯಾಗಿ ತುಂಡಾಗುವುದಿಲ್ಲ," ಎಂದೆ ತಮಿಳಿನಲ್ಲಿ. ನಕ್ಕಳು, ಕೊಡಲಿಲ್ಲ. ನಗುವವರೆಲ್ಲ ಕೊಡುವವರಲ್ಲ ಎಂದು ತಿಳಿಯಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ.

ವಿಮಾನದಲ್ಲಿ ಬೆಲ್ಟು ಕಟ್ಟಿ ಕೂರಿಸುತ್ತಾರೆ. ಒಂದು ಪೆಟ್ಟಿಗೆಯಲ್ಲಿ ತಣ್ಣಗಿನ ಬ್ರೆಡ್ಡು, ತಣ್ಣಗಿನ ಬೆಣ್ಣೆ. ಅದನ್ನು ತಂದುಕೊಟ್ಟ ಹುಡುಗಿ ಇಳಿಯುವವರೆಗೂ ನಗುತ್ತಲೇ ಇದ್ದಳು. ಪಾಪ, ಅವಳ ದವಡೆ ಎಷ್ಟು ನೋಯುತ್ತಿತ್ತೋ. ಇಳಿಯುವ ಮೊದಲು ಗಡಿಯಾರ ಮುಂದಕ್ಕೆ ತಿರುಗಿಸಿಕೊಳ್ಳಿ ಎಂದು ಕೂಗಿ ಹೇಳಿದರಂತೆ. ನಮ್ಮೂರಿಗಿಂತ ಅಲ್ಲಿ ಎರಡೂವರೆ ಗಂಟೆ ಮುಂದೆ. ಮಾದೇಶ ಕೂಡಲೇ ತಿರುಗಿಸಿಕೊಂಡ.

ಇಳಿದ ಮೇಲೆ ಅಲ್ಲಿನ ಆಫೀಸರು ನನ್ನ ರಾಗಿಹಿಟ್ಟಿನ ಗಂಟಿಗೆ ಬೆರಳು ಹಾಕಿ ಮೂಸಿ, ನಾಲಿಗೆಗೆ ತಾಗಿಸಿ ನೋಡಿದ. ಮಣ್ಣು ತಂದಿದ್ದೇವೆಂದುಕೊಂಡನೋ ಏನೋ. ತಿನ್ನುವ ಹಿಟ್ಟು ಎಂದು ಮಂಜುಳಾ ಇಂಗ್ಲಿಷಿನಲ್ಲಿ ಹೇಳಿದಳು. ಅವನು ನನ್ನ ಮುಖ ನೋಡಿ, ಇದನ್ನು ತಿಂದೂ ಬದುಕಿದ್ದಾಳಲ್ಲ ಎಂಬಂತೆ ಬಿಟ್ಟ.

ಕೌಲಾಲಂಪುರ, ಶನಿವಾರ

ನಾವು ಇಳಿದುಕೊಂಡ ಲಾಡ್ಜು ಪರಮೇಶ್ವರಿ ಎಂಬ ತಮಿಳು ಹೆಂಗಸಿನದು. ಅವಳ ಅಜ್ಜನನ್ನು ಹರೂರಿನ ಕಡೆಯಿಂದ ರಬ್ಬರ್ ತೋಟಕ್ಕೆ ಕರೆತಂದಿದ್ದರಂತೆ. ಅವಳು ಹರೂರನ್ನು ಕಂಡವಳಲ್ಲ. ನಾನು ಆ ಕಡೆಯವಳೆಂದು ತಿಳಿದು ಕೈ ಹಿಡಿದುಕೊಂಡು, "ನಮ್ಮ ಹರೂರು ಹೇಗಿದೆ ಪಾಟಿ?" ಎಂದು ತಮಿಳಿನಲ್ಲಿ ಕೇಳಿದಳು. ಪಾಟಿ ಎಂದರೆ ಅಜ್ಜಿ. ಕಣ್ಣು ತುಂಬಿತ್ತು. ರತ್ನಳ ಗಂಡನ ಕಡೆಯವರು ಅಲ್ಲಿನ ಹಳ್ಳಿಯವರಾದರೂ ನಾನು ಹರೂರಿನಲ್ಲಿ ತಿರುವಣ್ಣಾಮಲೆಯ ಬಸ್ಸು ಬದಲಾಯಿಸಿದ್ದು ಬಿಟ್ಟರೆ ಬೇರೇನೂ ಕಂಡಿಲ್ಲ. ಬಸ್‌ಸ್ಟ್ಯಾಂಡು ನಾರುತ್ತದೆ ಎಂದೆ. ಕೈ ಬಿಟ್ಟಳು. ಆದರೂ ಒಳ್ಳೆಯವಳು. ನನಗೆ ಮುದ್ದೆ ತೊಳಸಲು ಒಲೆ ಕೊಟ್ಟಳು.

ಅಲ್ಲಿನವರು ಅನ್ನವನ್ನು ಚಮಚದಿಂದ ತಿನ್ನುತ್ತಾರೆ, ಎಡಗೈಯಲ್ಲಿ ಮುಳ್ಳುಚಮಚ ಹಿಡಿದು ತಳ್ಳುತ್ತಾರೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಬೀದಿಯಲ್ಲೇ ಊಟ. ಪರಮೇಶ್ವರಿಯ ಅಡುಗೆಮನೆಯ ಗೋಡೆಗೆ ಒಂದು ಮಸಿ ಕಲೆಯೂ ಇರಲಿಲ್ಲ. ಹೆಂಗಸರು ಕಾರು ಓಡಿಸುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಇದೊಂದು ನನಗೆ ಹಿಡಿಸಿತು.

ಸಂಜೆ ಟೆನಿಸ್ ನಡೆಯುವ ಜಾಗಕ್ಕೆ ಹೋದೆವು. ಹಸಿರು ಬಣ್ಣ ಬಳಿದ ಸಿಮೆಂಟು ಕಣ, ಸುತ್ತ ತಂತಿ ಬೇಲಿ. ಬೇರೆ ಬೇರೆ ದೇಶದ ಹುಡುಗಿಯರು, ತೊಡೆ ನಮ್ಮ ಸೊಂಟದಷ್ಟು. ಒಬ್ಬೊಬ್ಬಳ ಹಿಂದೆಯೂ ಗಂಟುಮುಖದ ಅಪ್ಪನೋ ಅಮ್ಮನೋ. ಸಿಂಗಲ್ಸ್ ಎಂದರೆ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು. ಒಳಗೆ ಹೋದ ಮೇಲೆ ಹೆತ್ತವರೂ ಒಂದು ಮಾತು ಹೇಳಿಕೊಡುವಂತಿಲ್ಲ, ಹೇಳಿದರೆ ಹುಡುಗಿಗೆ ದಂಡ. ನಮ್ಮ ಕಡೆ ಹೆರುವಾಗ ಕೂಡ ಪಕ್ಕದಲ್ಲಿ ಬಯ್ಯಲಿಕ್ಕಾದರೂ ಒಬ್ಬಳು ಇರುತ್ತಾಳೆ.

ಮೇಜಿನ ಹಿಂದೆ ಕುಳಿತ ಬಿಳಿ ಹೆಂಗಸು ಮಂಜುಳಾಗೆ ನಿಯಮ ಹೇಳಿದಳು. ನಾಳೆ ಭಾನುವಾರ ಸಂಜೆ ಐದರಿಂದ ಆರರ ಒಳಗೆ ಆಡುವವಳೇ ಪಾಸ್‌ಪೋರ್ಟು ಹಿಡಿದು ಬಂದು ಪುಸ್ತಕದಲ್ಲಿ ರುಜು ಹಾಕಬೇಕು. ಬೇರೆಯವರು ಹಾಕುವಂತಿಲ್ಲ. ಆರಾದರೆ ಪುಸ್ತಕ ಮುಚ್ಚುತ್ತಾರೆ. ಅರ್ಥವಾಗಲೆಂದು ನನಗೂ ಆರು ಬೆರಳು ತೋರಿಸಿದಳು. ಪಕ್ಕದಲ್ಲಿ ನಿಂತಿದ್ದ ಮಾದೇಶ ತಲೆಯಾಡಿಸಿದ.

ಭಾನುವಾರ

ಭಾನುವಾರದ ರಾಹುಕಾಲ ಸಂಜೆ ನಾಲ್ಕೂವರೆಯಿಂದ ಆರು. ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಗೊತ್ತಿದ್ದರೂ ಆ ಹೆಂಗಸು ಹೇಳಿದ ಹೊತ್ತಿಗೂ ಇದಕ್ಕೂ ನಾನು ತಾಳೆ ಹಾಕಿರಲಿಲ್ಲ. ಮಾದೇಶ ಹಾಕಿದ್ದ.

ಐದು ಗಂಟೆಗೆ ಗೇಟಿನ ಹತ್ತಿರ ಬಂದೆವು. ಅವನು ಅಲ್ಲೇ ನಿಂತ. ಮೂವರ ಪಾಸ್‌ಪೋರ್ಟೂ ಅವನ ಅಂಗಿ ಜೇಬಿನಲ್ಲಿ.

"ರಾವುಕಾಲ. ಆರಾಗ್ಲಿ, ಓಗಿ ರುಜು ಆಕುವಂತೆ."

"ಆರಕ್ಕೆ ಮುಚ್ತಾರೆ ಮಾವ!"

"ಆರಾಗ್ತಿದ್ದಂಗೆ ಓಡು. ನಿಂಗೆ ಓಡಕ್ಕೆ ಏಳ್ಕೊಡ್ಬೇಕಾ?"

ಮಂಜುಳಾ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ಹುಡುಗಿ ಬುದ್ಧಿವಂತೆ. "ಮಾವ, ನಮ್ಮೂರಲ್ಲಿ ಈಗ ಇನ್ನೂ ಎರಡೂವರೆ. ಅಮ್ಮ ಈಗ ಮದ್ಯಾನದ ಊಟ ಮಾಡಿ ಕುಂತಿರ್ತಾಳೆ. ಅಲ್ಲಿ ರಾವುಕಾಲ ಬಂದೇ ಇಲ್ಲ."

"ರಾವು ಏನು ಪಾಲಕೋಡಲ್ಲಿ ಮನೆ ಮಾಡ್ಕಂಡು ಕುಂತವ್ನಾ? ಸೂರ್ಯ ಎಲ್ಲಿ ಮುಳುಗ್ತಾನೋ ಅಲ್ಲಿ ಲೆಕ್ಕ."

ಒಳಗೆ ಹುಡುಗಿಯರು ಒಬ್ಬೊಬ್ಬರಾಗಿ ಹೋಗಿ ರುಜು ಹಾಕಿ ನಗುತ್ತಾ ಬರುತ್ತಿದ್ದರು. ಅವರಿಗೆ ರಾಹುವೂ ಇಲ್ಲ, ಕೇತುವೂ ಇಲ್ಲ. ನಾನು ಮಗನ ಹತ್ತಿರ ಹೋದೆ.

"ಲೇ ಮಾದೇಸ, ಬಾನುವಾರ ಸಂಜೆ ಮಂಡೀಲಿ ಬೆಂಗ್ಳೂರು ಲಾರಿಗೆ ಲೋಡ್ ಮಾಡ್ಸಲ್ವಾ? ಆಗ ರಾವು ಎಲ್ಲಿರ್ತಾನೆ? ನಿನ್ನ ಕೂಡೆ ಪೆಟ್ಟಿಗೆ ಒರ್ತಾನಾ?"

"ಅದು ದಿನದ ಕೆಲ್ಸ ಕಣವ್ವಾ. ಇದು ಒಸ ಕೆಲ್ಸ. ಒಸ ಕೆಲ್ಸ ರಾವುಕಾಲದಲ್ಲಿ ಸುರು ಮಾಡ್ಬಾರ್ದು ಅಂತ ಕಲಿಸ್ದೋಳು ನೀನೇ ತಾನೆ?"

ಅದು ನಿಜ. ರಾಹುಕಾಲದಲ್ಲಿ ನಾನು ಒಂದು ಬೀಜ ಊರಿದವಳಲ್ಲ, ಒಂದು ಕರುವಿಗೆ ಮೂಗುದಾರ ಹಾಕಿಸಿದವಳಲ್ಲ. ನನ್ನ ಮಾತನ್ನೇ ತೆಗೆದು ನನ್ನ ಬಾಯಿಗೆ ಬೀಗ ಹಾಕಿದ.

"ಕಲಿಸ್ದೋಳೂ ನಾನೇ, ಬಿಡು ಅಂತಿರೋಳೂ ನಾನೇ. ಕೊಡೋ ಅವಳಿಗೆ."

ಅವನು ಜೇಬಿನ ಮೇಲೆ ಕೈ ಇಟ್ಟುಕೊಂಡು ನಕ್ಕ. "ಅವಳ ಒಳ್ಳೇದಕ್ಕೇ ಅವ್ವ. ಕೆಟ್ಟ ಗಳಿಗೇಲಿ ಎಸ್ರು ಬರ್ದು, ಕಾಲು ಗೀಲು ಮುರ್ಕಂಡ್ರೆ?"

ಮಂಜುಳಾ ಪಾಸ್‌ಪೋರ್ಟು ಇಲ್ಲದೆಯೇ ಒಳಗೆ ಓಡಿದಳು. ಆ ಹೆಂಗಸು ತಲೆ ಅಲ್ಲಾಡಿಸಿದ್ದು ಬೇಲಿಯಾಚೆಯಿಂದಲೇ ಕಂಡಿತು. ತಿರುಗಿ ಬಂದು ಮಾವನ ಮುಂದೆ ನಿಂತಳು. ಕೈ ಚಾಚಲಿಲ್ಲ, ಬೇಡಲಿಲ್ಲ. ಅವನ ಕೈಗಡಿಯಾರವನ್ನೇ ನೋಡುತ್ತಾ ನಿಂತಳು. ಅವನೂ ಅದನ್ನೇ ನೋಡುತ್ತಿದ್ದ. ಆರಾಯಿತು. ದೇವರಿಗೆ ಕೈ ಮುಗಿದು, ಪಾಸ್‌ಪೋರ್ಟು ಕಣ್ಣಿಗೊತ್ತಿಕೊಂಡು ಕೊಟ್ಟ. "ಈಗ ಓಗು. ಒಳ್ಳೆ ಗಳಿಗೆ."

ಅವಳು ಓಡಿದಳು. ಮೇಜಿನ ಮೇಲೆ ಪುಸ್ತಕ ಇರಲಿಲ್ಲ.

ಆ ಬಿಳಿ ಹೆಂಗಸು ಕೆಟ್ಟವಳಲ್ಲ. ನಾಳೆ ಬೆಳಿಗ್ಗೆ ಎಂಟೂವರೆಗೆ ಬಂದು ಕಾಯುವವರ ಪುಸ್ತಕದಲ್ಲಿ ರುಜು ಹಾಕು, ರುಜು ಹಾಕಿದವರಲ್ಲಿ ಯಾರಾದರೂ ಆಡಲು ಬರದಿದ್ದರೆ ಆ ಜಾಗ ನಿನಗೆ ಎಂದಳಂತೆ. ಲಾಡ್ಜಿಗೆ ಬಂದು ಮಂಜುಳಾ ಮುದ್ದೆ ನುಂಗಿ ಮಲಗಿದಳು. ಅಳಲಿಲ್ಲ. ಅತ್ತಿದ್ದರೆ ನನ್ನ ಸಿಟ್ಟು ಸ್ವಲ್ಪ ಇಳಿಯುತ್ತಿತ್ತು.

ಮಾದೇಶ ಚೆನ್ನಾಗಿ ಉಂಡ. "ಆಡಕ್ಕೇ ಆಗ್ಲಿಲ್ವಲ್ಲ, ಪಾಪ," ಎಂದು ಎರಡು ಸಲ ಹೇಳಿದ.

ಸೋಮವಾರ

ಸೋಮವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಮಾದೇಶ ಎದ್ದವನೇ ಅದನ್ನು ಹೇಳಿ, ನಿಧಾನವಾಗಿ ಹಲ್ಲುಜ್ಜಿ ಸ್ನಾನಕ್ಕೆ ಹೋದ. ಅಂಗಿ ಗೂಟದಲ್ಲಿತ್ತು. ನಾನು ಜೇಬಿಗೆ ಕೈ ಹಾಕಿ, ಫೋಟೋ ನೋಡಿ ಅವಳ ಪಾಸ್‌ಪೋರ್ಟು ತೆಗೆದುಕೊಂಡೆ. ಹೆತ್ತ ಮಗನ ಜೇಬು, ಕದಿಯುವುದೆಂದು ನನಗೆ ಅನ್ನಿಸಲಿಲ್ಲ.

ಪರಮೇಶ್ವರಿ ತನ್ನ ಹಳೆಯ ಕಾರಿನಲ್ಲಿ ಕೂರಿಸಿಕೊಂಡಳು. ಕೀಲಿ ತಿರುಗಿಸುವ ಮೊದಲು ಹಿಂದಕ್ಕೆ ತಿರುಗಿ, "ಪಾಟಿ, ಇಪ್ಪೋ ರಾಹುಕಾಲಂ!" ಎಂದಳು.

"ತೆರಿಯುಂ. ವಂಡಿಯೆ ಎಡು," ಎಂದೆ. ಗೊತ್ತಿದೆ, ಗಾಡಿ ತೆಗಿ.

ದಾರಿಯಲ್ಲಿ ಮಂಜುಳಾ ಮೆಲ್ಲಗೆ ಕೇಳಿದಳು. "ಅಜ್ಜಿ, ನಿಂಗೆ ಬಯ ಇಲ್ವಾ?"

"ಐತೆ. ಬಾಯಿ ಮುಚ್ಕಂಡು ಕುಂತ್ಕ."

ಕಾಯುವವರ ಪುಸ್ತಕದಲ್ಲಿ ರುಜು ಹಾಕಿದಳು. ಆಮೇಲೆ ಕಾಯುವುದೇ ಕೆಲಸ. ಒಂದು ಶಾಮಿಯಾನದ ಕೆಳಗೆ ಕುಳಿತು, ಬೇರೆಯವರ ಆಟ ಒಂದೊಂದಾಗಿ ಶುರುವಾಗುವುದನ್ನು ನೋಡಿದೆವು. ಬರದೆ ಹೋಗುವವಳು ಒಬ್ಬಳೂ ಸಿಗಲಿಲ್ಲ. ಯಾರದೋ ಕಾಲು ಉಳುಕಲಿ, ಯಾರಿಗೋ ಜ್ವರ ಬರಲಿ ಎಂದು ನಾನು ಮನಸ್ಸಿನಲ್ಲಿ ಬೇಡಿದೆ. ಬೇಡಿದ್ದಕ್ಕೆ ನಾಚಿಕೆಯಿಲ್ಲ. ಅಲ್ಲಿ ಕಾಯುತ್ತಿದ್ದವರೆಲ್ಲ ಅದನ್ನೇ ಬೇಡುತ್ತಿದ್ದರು, ಬಾಳೆಹಣ್ಣು ತಿನ್ನುತ್ತಾ.

ಮಧ್ಯಾಹ್ನದ ಮೇಲೆ ಮಳೆ ಹೊಡೆಯಿತು. ನಮ್ಮ ಪಾಲಮಲೆ ಬೆಟ್ಟದ ಮೇಲೆ ಮಳೆ ದೂರದಿಂದ ಹೇಳಿಕೊಂಡು ಬರುತ್ತದೆ. ಅಲ್ಲಿ ಕೊಡ ಮಗುಚಿದಂತೆ ಬಂತು, ಹಾಗೆಯೇ ನಿಂತಿತು. ಆಳುಗಳು ರಬ್ಬರು ಕಟ್ಟಿದ ಕೋಲುಗಳಿಂದ ನೀರು ತಳ್ಳಿದರು. ಅಷ್ಟರಲ್ಲಿ ಬಿಳಿ ಹೆಂಗಸು ಬಂದು ಮಂಜುಳಾಳ ಹೆಸರನ್ನು ಅಡ್ಡಾದಿಡ್ಡಿ ಕೂಗಿದಳು. ಕೊನೆಯ ಆಟದ ಒಬ್ಬ ಹುಡುಗಿಗೆ ಹೊಟ್ಟೆ ಕೆಟ್ಟಿತ್ತು.

ಎದುರಾಳಿ ಹಳದಿ ಜಡೆಯವಳು, ಮಂಜುಳಾಗಿಂತ ಒಂದು ತಲೆ ಎತ್ತರ. ಮೊದಲ ಭಾಗದಲ್ಲಿ ಅವಳು ಹೊಡೆದ ಚೆಂಡು ನನ್ನ ಕಣ್ಣಿಗೇ ಬೀಳಲಿಲ್ಲ. ಇವಳ ಕೈಗೂ ಸಿಗಲಿಲ್ಲ. ಆ ಭಾಗ ಬೇಗ ಸೋತಳು. ಕುರ್ಚಿಯಲ್ಲಿ ಕುಳಿತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು. ಎದ್ದು ಬಂದವಳು ಬೇರೆ ಆಟ ಆಡಿದಳು. ಚೆಂಡನ್ನು ಜೋರಾಗಿ ಹೊಡೆಯುವುದನ್ನೇ ಬಿಟ್ಟಳು. ಎತ್ತರಕ್ಕೆ, ನಿಧಾನಕ್ಕೆ, ಮತ್ತೆ ಎತ್ತರಕ್ಕೆ. ಹಳದಿ ಜಡೆಯವಳಿಗೆ ಹೊಡೆಯುವ ಬಲವಿತ್ತು, ಕಾಯುವ ತಾಳ್ಮೆ ಇರಲಿಲ್ಲ. ಸಿಟ್ಟಿನಿಂದ ಹೊಡೆದದ್ದು ಬಲೆಗೆ ಬಿತ್ತು, ಬೇಲಿಗೆ ಬಿತ್ತು. ನನ್ನ ಹಿಂದೆ ಕುಳಿತವರು ಆಕಳಿಸಿದರು. ಇದೂ ಒಂದು ಆಟವೇ ಎಂದು ಒಬ್ಬ ಇಂಗ್ಲಿಷಿನಲ್ಲಿ ಬೈದನೆಂದು ಪರಮೇಶ್ವರಿ ಹೇಳಿದಳು. ನಮ್ಮೂರಿನಲ್ಲಿ ಎರಡು ಹೋರಿ ಗುದ್ದಾಡಿದರೂ ಊರೆಲ್ಲ ಕೂಗುತ್ತದೆ. ಅಲ್ಲಿ ನಾನು ಕೆಮ್ಮಿದ್ದಕ್ಕೇ ಎತ್ತರದ ಕುರ್ಚಿಯವನು ದುರುಗುಟ್ಟಿ ನೋಡಿದ. ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತೆ.

ಎರಡನೆಯ ಭಾಗ ಇವಳದು. ಮೂರನೆಯದಕ್ಕೆ ದೀಪ ಹಾಕಿದರು. ಆಗ ನೋಡುತ್ತೇನೆ, ಬೇಲಿಯಾಚೆ ಮಾದೇಶ, ತಂತಿಗೆ ಬೆರಳು ಸಿಕ್ಕಿಸಿಕೊಂಡು ನಿಂತಿದ್ದಾನೆ. ಎಷ್ಟು ಹೊತ್ತಿನಿಂದ ಇದ್ದನೋ. ಮಂಜುಳಾ ಅವನನ್ನು ಕಂಡಳು. ಆ ಒಂದು ಚೆಂಡು ಬಿಟ್ಟಳು. ಆಮೇಲೆ ಆ ಕಡೆ ತಿರುಗಲೇ ಇಲ್ಲ.

ಕೊನೆಯ ಚೆಂಡು ಹಳದಿ ಜಡೆಯವಳು ಹೊಡೆದದ್ದು. ಗೆರೆಯಾಚೆ ಬಿತ್ತು. ಮಂಜುಳಾ ಗೆದ್ದಳು. ಕುಣಿಯಲಿಲ್ಲ. ಕೆಳಗೆ ಕುಳಿತು ಅಂಗೈಯನ್ನು ನೆಲಕ್ಕೆ ಒತ್ತಿದಳು, ಅಷ್ಟೇ. ಸೋತವಳ ಅಪ್ಪ ಮಗಳ ಕಡೆ ನೋಡದೆ ಅವಳ ಚೀಲ ಎತ್ತಿಕೊಂಡು ಮುಂದೆ ಮುಂದೆ ನಡೆದ. ಆ ಹುಡುಗಿ ಬರಿಗೈಯಲ್ಲಿ ಅಳುತ್ತಾ ಹಿಂದೆ ಹೋದಳು. ಬಿಳಿಯರ ಮನೆಯಲ್ಲೂ ಅಷ್ಟೇ.

ಮಾದೇಶ ಚಪ್ಪಾಳೆ ಹೊಡೆದ. ಬೇರೆ ಯಾರೂ ಅಷ್ಟು ಹೊತ್ತು ಹೊಡೆಯಲಿಲ್ಲ. ಗೇಟಿನ ಬಳಿ ಬಂದು, "ಗೆದ್ಬುಟ್ಟೆ," ಎಂದ ಅವಳಿಗೆ. ನನಗೆ, "ಮಾತು ಮಾತೇ ಅವ್ವ. ನಾನು ತಪ್ಪೋನಲ್ಲ," ಎಂದ. ಅವನ ಮುಖ ನೋಡಿ ನನಗೆ ಸಮಾಧಾನವಾಗಲಿಲ್ಲ.

ಮಂಗಳವಾರದ ಆಟ ಸೋತಳು. ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಒಪ್ಪಂದ ಇದ್ದದ್ದು ಒಂದಕ್ಕೆ.

ಮತ್ತೆ ಪಾಲಕೋಡ್

ಊರಿಗೆ ಬಂದ ವಾರದಲ್ಲಿ ಮಾದೇಶ ತಾನೇ ನೆಂಟರನ್ನು ಕರೆಸಿದ. ಪಾಲಮಲೆಯಿಂದ ನನ್ನ ಗಂಡನ ತಮ್ಮ ಬಂದ, ಹರೂರಿನ ಕಡೆಯ ಬೀಗರು ಬಂದರು. ಮದುವೆ ಮಾತು ಎಂದುಕೊಂಡು ಹೆಂಗಸರು ಹೂ ಮುಡಿದು ಬಂದರು. ಅಂಗಳದಲ್ಲಿ ಚಾಪೆ ಹಾಸಿ ಎಲೆಅಡಿಕೆ ಇಟ್ಟೆವು. ರತ್ನ ಕಾಫಿ ಕೊಟ್ಟಳು. ಮಂಜುಳಾ ಬಾಗಿಲಲ್ಲಿ ನಿಂತಿದ್ದಳು, ಮುಖ ಅರಳಿತ್ತು.

ಮಾದೇಶ ಎದ್ದು ನಿಂತು ಕೈ ಮುಗಿದ. "ಅಕ್ಕನ ಮಗ್ಳು ನಂಗೆ ಬೇಡ. ಎಲ್ರ ಮುಂದೆ ಏಳ್ತಿದೀನಿ. ಒರಗಡೆ ಎಲ್ಲಿಗಾದ್ರೂ ಕೊಡಿ."

ಹೇಳಿದ ಮಾತು ಹಾಗೇ ಹೇಳಿದ. ಒಂದಕ್ಷರ ತಪ್ಪಲಿಲ್ಲ. ನನ್ನ ಮೈದುನನ ಕೈಯಲ್ಲಿ ಕಾಫಿ ಲೋಟ ನಿಂತಿತು.

"ಯಾಕಪ್ಪಾ? ಇಷ್ಟು ವರ್ಸ ಸಾಕಿದೀಯ. ಅಲ್ಲಿಗಂಟ ಕರ್ಕಂಡೋಗ್ಬಂದೆ. ಏನಾಯ್ತು?"

ಮಾದೇಶ ಮಂಜುಳಾಳ ಕಡೆ ಒಮ್ಮೆ ನೋಡಿದ, ನೆಲ ನೋಡಿದ. "ಅದನ್ನ ಮಾತ್ರ ಕೇಳ್ಬೇಡಿ ಚಿಕ್ಕಪ್ಪ."

ಅಷ್ಟೇ ಸಾಕಾಯಿತು. ಒಂದು ಸುಳ್ಳೂ ಹೇಳಲಿಲ್ಲ ಅವನು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಎಲ್ಲರೂ ಸೇರಿ ಅವಳ ಹೊಟ್ಟೆಯ ಕಡೆ ನೋಡಿದರು. ನಾನು ಎದ್ದು ಮಂಡಿಯಲ್ಲಿ ಆದ ಮಾತು, ರಾಹುಕಾಲ, ರುಜು, ಆಟ ಎಲ್ಲವನ್ನೂ ಹೇಳಿದೆ. ಕೇಳಿದರು. ಹರೂರಿನ ಬೀಗಿತಿ ನನ್ನ ತೋಳು ಸವರಿ, "ಬುಡಕ್ಕಾ, ಮೊಮ್ಮಗ್ಳ ಮಾನ ಅಜ್ಜಿ ಅಲ್ದೆ ಇನ್ಯಾರು ಮುಚ್ತಾರೆ?" ಎಂದಳು.

ಮಂಜುಳಾ ಬಾಗಿಲಿನಿಂದಲೇ ಕೇಳಿದಳು. "ಮಾವ, ಯಾಕೆ ಅಂತ ಏಳು. ನಾನು ಗೆದ್ದೆ ಅಂತ ಏಳು."

"ಗೆದ್ದೆ ಕಣಮ್ಮ. ಅದುಕ್ಕೇ ತಾನೆ ಬುಟ್ಟಿರೋದು," ಎಂದ ಅವನು. ಎಲೆಅಡಿಕೆ ಹಾಕಿಕೊಂಡು ಮಂಡಿಗೆ ಹೋದ.

ತೈ ಮಾಸದಲ್ಲೇ ಅವನ ಮದುವೆಯಾಯಿತು, ಹರೂರಿನ ಹುಡುಗಿ. ನಾನು ರತ್ನಳ ಮನೆಗೆ ಬಂದುಬಿಟ್ಟೆ. ಮಂಜುಳಾಳನ್ನು ಇನ್ನೊಂದು ಟೂರ್ನಮೆಂಟಿಗೆ ಕಳಿಸುವವರು ಯಾರೂ ಇರಲಿಲ್ಲ. ಈಗ ಸೇಲಂನಲ್ಲಿ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತಾಳೆ. ಭಾನುವಾರ ಬಂದು ಹೋಗುತ್ತಾಳೆ. ಮದುವೆಗೆ ಅವಳು ಹಂಬಲಿಸುತ್ತಿಲ್ಲ. ಹಂಬಲಿಸುವುದು ಅವಳ ಅಮ್ಮ.

ಮೊನ್ನೆ ಧರ್ಮಪುರಿಯಿಂದ ಒಬ್ಬ ದಲ್ಲಾಳಿ ಗಂಡಿನ ಕಡೆಯ ಮಾತು ತಂದಿದ್ದ. ಒಳ್ಳೆಯ ಮನೆಯಂತೆ. ಜಾತಕ ನೋಡಿದ, ಹೊಲ ಕೇಳಿದ, ರತ್ನ ಕೊಟ್ಟ ಕಾಫಿಯನ್ನು ಹೊಗಳಿದ. ಆಮೇಲೆ ಲೋಟ ಕೆಳಗಿಟ್ಟು ನನ್ನ ಕಡೆ ವಾಲಿದ.

"ಅಜ್ಜಿ, ತಪ್ಪು ತಿಳ್ಕಬೇಡಿ. ಸೋದರಮಾವ ಯಾಕೆ ಬೇಡ ಅಂದ?"

"ಇವಳು ಗೆದ್ಲು. ಅದುಕ್ಕೆ."

ಅವನು ನಕ್ಕ. ಮುದುಕಿಯ ತಮಾಷೆ ಎಂದುಕೊಂಡು ಚೆನ್ನಾಗಿಯೇ ನಕ್ಕ. ಉಳಿದ ಕಾಫಿ ಕುಡಿದು, ಹೇಳಿ ಕಳಿಸುತ್ತೇನೆ ಎಂದು ಚಪ್ಪಲಿ ಮೆಟ್ಟಿದ. ಹೇಳಿ ಕಳಿಸಲಿಲ್ಲ.